ಹೃದಯದ ಎಂಆರ್‌ಐ ಮಸುಕಾಗಿ ಬಂದರೆ ಮೊದಲು ಉಸಿರು ನೋಡಿ

ಜಗಳೂರು ಕಡೆಯ ಒಬ್ಬ ಅಜ್ಜ. ಎಪ್ಪತ್ತರ ಆಸುಪಾಸು. ನಾನು ದಾವಣಗೆರೆಯಲ್ಲಿ ಸ್ಕ್ಯಾನಿಂಗ್ ಕೆಲಸಕ್ಕೆ ಸೇರಿ ಆಗಿನ್ನೂ ಸ್ವಲ್ಪ ದಿನ ಆಗಿತ್ತು. ಮೊದಲ ಚಿತ್ರ ಬಂತು. ಎದೆಯ ಅಂಚು ಒಂದು ಇರಬೇಕಾದ ಕಡೆ ನಾಲ್ಕು ಗೆರೆ. ಹೃದಯ ಕದಡಿದ ನೀರಿನಲ್ಲಿ ಕಂಡ ಹಾಗೆ. ಎದೆಯ ಮೇಲಿಟ್ಟು ಸಂಕೇತ ಹಿಡಿಯುವ ಕಾಯಿಲ್ ಬಿಗಿ ಮಾಡಿದೆವು. ಇಸಿಜಿ ಸ್ಟಿಕ್ಕರ್ ಬದಲಾಯಿಸಿದೆವು. ಇಂಜಿನಿಯರ್‌ಗೆ ಫೋನ್ ಹಚ್ಚಿದೆವು. ಮುಕ್ಕಾಲು ಗಂಟೆ ಹೋಯಿತು. ಕೊನೆಗೆ ಅಜ್ಜನನ್ನು ಹೊರಗೆ ತಂದು ಕೇಳಿದರೆ, "ಕಿವ್ಯಾಗೆ ಯಾವ್ದೋ ಹೆಣ್ಮಗಳು ಇಂಗ್ಲೀಷ್‌ನಾಗೆ ಏನೋ ಹೇಳ್ತಿದ್ಲಪ್ಪ, ನಾನು ಸುಮ್ಕೆ ಮಲಗಿದ್ದೆ" ಅಂದರು.

ಉಸಿರು ನಿಲ್ಲಿಸಿ ಅಂತ ಹೇಳುವ ರೆಕಾರ್ಡ್ ದನಿ ಅದು. ಪಕ್ಕದಲ್ಲಿ ನಿಂತು, ಉಸಿರು ನಿಲ್ಲಿಸುವುದನ್ನು ಕನ್ನಡದಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿಸಿ ಮತ್ತೆ ಒಳಗೆ ಕಳಿಸಿದೆವು. ಅದೇ ಮಷೀನು, ಅದೇ ಕಾಯಿಲ್. ಚಿತ್ರ ಕಣ್ಣಿಗೆ ಕಟ್ಟಿದ ಹಾಗೆ ಬಂತು.

ಆವತ್ತಿನಿಂದ ನಾನು ನಂಬಿರುವುದು ಇಷ್ಟು. ಉಸಿರಿನಿಂದ ಕೆಟ್ಟ ಚಿತ್ರಗಳಲ್ಲಿ ಹೆಚ್ಚಿನವು ಮಷೀನಿನ ತಪ್ಪಲ್ಲ, ರೋಗಿಯ ತಪ್ಪೂ ಅಲ್ಲ. ನಾವು ಹೇಳಿಕೊಟ್ಟ ರೀತಿಯ ತಪ್ಪು. ಹೊಸದಾಗಿ ಈ ಕೆಲಸಕ್ಕೆ ಬಂದ ತಮ್ಮ ತಂಗಿಯರಿಗೆ ಇದನ್ನು ಬರೆಯುತ್ತಿದ್ದೇನೆ. ಸ್ಕ್ಯಾನ್ ಮಾಡಿಸಿಕೊಳ್ಳುವವರೂ ಓದಬಹುದು.

ಉಸಿರಿಗೂ ಚಿತ್ರಕ್ಕೂ ಏನು ಸಂಬಂಧ

ಮೊಬೈಲ್‌ನಲ್ಲಿ ಫೋಟೋ ಹೊಡೆದ ಹಾಗೆ ಎಂಆರ್‌ಐ ಚಿತ್ರ ಒಂದೇ ಏಟಿಗೆ ಬರುವುದಿಲ್ಲ. ಹೃದಯ ಬಡಿಯುವುದನ್ನು ತೋರಿಸುವ ಸಿನಿ ಚಿತ್ರಕ್ಕೆ ಮಷೀನು ಪ್ರತಿ ಬಡಿತದಲ್ಲೂ ಒಂದಷ್ಟು ಸಾಲು ಮಾಹಿತಿ ತೆಗೆದುಕೊಳ್ಳುತ್ತದೆ. ಹತ್ತು ಹನ್ನೆರಡು ಬಡಿತಗಳ ಸಾಲು ಸೇರಿಸಿ ಚಿತ್ರ ಕಟ್ಟುತ್ತದೆ. ಅಷ್ಟೂ ಹೊತ್ತು, ಅಂದರೆ 8ರಿಂದ 15 ಸೆಕೆಂಡು, ಹೃದಯ ಒಂದೇ ಜಾಗದಲ್ಲಿ ಬಡಿಯುತ್ತಿರಬೇಕು. ನಡುವೆ ಒಂದು ಉಸಿರು ನುಗ್ಗಿತು ಅನ್ನಿ. ಆ ತಪ್ಪು ಚಿತ್ರದ ಒಂದು ಮೂಲೆಯಲ್ಲಿ ಕೂರುವುದಿಲ್ಲ. ಸಾರಿಗೆ ಬಿದ್ದ ಹೆಚ್ಚಿನ ಉಪ್ಪಿನ ಹಾಗೆ ಇಡೀ ಚಿತ್ರಕ್ಕೆ ಹರಡುತ್ತದೆ.

ಎಷ್ಟು ಸರಿಯುತ್ತದೆ ಅನ್ನುವುದನ್ನೂ ತಿಳಿದುಕೊಳ್ಳಿ. ಸುಮ್ಮನೆ ಮಲಗಿ ಉಸಿರಾಡಿದರೂ ಎದೆ ಮತ್ತು ಹೊಟ್ಟೆಯ ನಡುವಿನ ವಪೆ, ಅಂದರೆ ಡಯಾಫ್ರಮ್, 1ರಿಂದ 2 ಸೆಂಟಿಮೀಟರ್ ಮೇಲೆ ಕೆಳಗೆ ಹೋಗುತ್ತದೆ. ಹೃದಯ ಅದರ ಮೇಲೇ ಕೂತಿದೆ. ವಪೆ ಸರಿದದ್ದರಲ್ಲಿ ಸುಮಾರು 0.6 ಪಾಲು ಹೃದಯವೂ ಸರಿಯುತ್ತದೆ ಎಂದು ಲೆಕ್ಕ. ವಪೆ 15 ಮಿಲಿಮೀಟರ್ ಇಳಿದರೆ ಹೃದಯ 9 ಮಿಲಿಮೀಟರ್ ಇಳಿಯಿತು. ಹೃದಯವನ್ನು ಹೋಳು ಹೋಳು ಮಾಡಿದ ಹಾಗೆ ಚಿತ್ರ ತೆಗೆಯುತ್ತೇವೆ, ಒಂದು ಹೋಳು ಅಂದರೆ ಒಂದು ಸ್ಲೈಸ್. ಅದರ ದಪ್ಪ ಸಾಮಾನ್ಯವಾಗಿ 8 ಮಿಲಿಮೀಟರ್. ಅಂದರೆ ಒಂದು ಮಾಮೂಲಿ ಉಸಿರಿಗೆ ಒಂದು ಸ್ಲೈಸಿನ ಜಾಗವೇ ಪಲ್ಲಟ.

ಲಕ್ಷಣ: ಎದೆಯ ಅಂಚು ಎರಡು ಮೂರಾಗಿ ಕಾಣುತ್ತದೆ, ಹೃದಯದ ಮೇಲೆ ನೆರಳು ಗೆರೆಗಳು

ಮೊದಲು ಹೃದಯ ನೋಡಬೇಡಿ. ಎದೆಯ ಗೋಡೆ ನೋಡಿ, ಆಮೇಲೆ ಲಿವರ್‌ನ ಮೇಲಂಚು ನೋಡಿ. ಅವೂ ಮಸುಕಾಗಿದ್ದರೆ, ಚರ್ಮದ ಕೆಳಗಿನ ಕೊಬ್ಬಿನ ಬಿಳಿ ಗೆರೆ ಅಲೆಅಲೆಯಾಗಿ ಪಕ್ಕಕ್ಕೆ ಹರಡಿದ್ದರೆ, ಅದು ಉಸಿರು.

ಎದೆ ಗೋಡೆ, ಲಿವರ್, ಬೆನ್ನು ಎಲ್ಲ ಚೊಕ್ಕವಾಗಿವೆ, ಹೃದಯ ಮಾತ್ರ ಕಲಸಿಹೋಗಿದೆ ಅಂದರೆ ಅದು ಬಡಿತದ ಸಮಸ್ಯೆ. ಬಡಿತ ಏರುಪೇರಾಗಿರಬೇಕು, ಇಲ್ಲವೇ ಇಸಿಜಿ ಸರಿಯಾಗಿ ಸಿಗುತ್ತಿಲ್ಲ. ಹೃದಯಕ್ಕೆ ಅಡ್ಡಲಾಗಿ ಕಪ್ಪು ಪಟ್ಟಿ ಬಂದಿದ್ದರೆ ಕಾಂತಕ್ಷೇತ್ರ ಸಮನಾಗಿಲ್ಲ, ಅದನ್ನು ಸಮ ಮಾಡುವ ಶಿಮ್ಮಿಂಗ್ ಮತ್ತೆ ಮಾಡಿ. ಕೈಯೋ ಬೆನ್ನೋ ಮಡಚಿ ಎದೆಯ ಮೇಲೆ ಬಂದು ಕೂತಿದ್ದರೆ ಚಿತ್ರದ ಚೌಕಟ್ಟು ಚಿಕ್ಕದಾಗಿದೆ, ದೊಡ್ಡದು ಮಾಡಿ. ಈ ಮೂರಕ್ಕೂ ರೋಗಿಯನ್ನು ಉಸಿರು ಕಟ್ಟಿಸಿ ಉಪಯೋಗ ಇಲ್ಲ.

ಉಸಿರೇ ಅಂತ ಖಾತ್ರಿಯಾದರೆ ಖರ್ಚಿಲ್ಲದ ಕೆಲಸದಿಂದ ಶುರು ಮಾಡಿ. ಅವರಿಗೆ ಕೇಳಿಸುತ್ತಿದೆಯಾ? ಹೆಡ್‌ಫೋನ್ ಕಿವಿಯ ಮೇಲೆ ಇದೆಯಾ, ಜಾರಿ ಕುತ್ತಿಗೆಗೆ ಬಂದಿದೆಯಾ? ಮಷೀನು ಕುಟ್ಟುವ ಸದ್ದಿನ ನಡುವೆ ನಿಮ್ಮ ಮಾತು ಮುಟ್ಟುವಷ್ಟು ದನಿ ಇದೆಯಾ? ರೆಕಾರ್ಡ್ ಆದ ದನಿ ಯಾವ ಭಾಷೆಯಲ್ಲಿದೆ? ಇಂಗ್ಲಿಷ್‌ನಲ್ಲೋ ಹಿಂದಿಯಲ್ಲೋ ಇದ್ದರೆ ಅದನ್ನು ನಿಲ್ಲಿಸಿ ನೀವೇ ಮೈಕ್‌ನಲ್ಲಿ ಹೇಳಿ.

ಈಗ ಪದಗಳಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಯಾಕೆಂದರೆ ಅರ್ಧ ರೋಗ ಇಲ್ಲೇ ಇದೆ. "ಉಸಿರು ಹಿಡೀರಿ" ಅಂದರೆ ನಮ್ಮ ಕಡೆಯ ಜನ ಏನು ಮಾಡುತ್ತಾರೆ ನೋಡಿದ್ದೀರಾ? ಬಾವಿಗೆ ಹಾರುವ ಮುಂಚೆ, ಹರಿಹರದ ಹೊಳೆಯಲ್ಲಿ ಮುಳುಗುವ ಮುಂಚೆ ಎಳೆದುಕೊಳ್ಳುತ್ತಾರಲ್ಲ, ಹಾಗೆ ಎದೆ ತುಂಬ ಗಾಳಿ ತುಂಬಿಕೊಳ್ಳುತ್ತಾರೆ. ನೀವು "ಬಿಡಿ" ಅಂದಿದ್ದೀರಿ, ಅವರು ಬಿಟ್ಟಿದ್ದಾರೆ. ಆಮೇಲೆ "ಹಿಡೀರಿ" ಅಂದ ತಕ್ಷಣ ಒಂದು ಗುಟುಕು ಒಳಗೆ ಹೋಯಿತು. ಅದು ಅವರಿಗೇ ಗೊತ್ತಾಗುವುದಿಲ್ಲ. ಉಸಿರು ಹಿಡಿಯುವುದು ಅಂದರೆ ಅವರ ಪಾಲಿಗೆ ಅದೇ ಅಲ್ವಾ?

ಅದಕ್ಕೇ ನಾನು "ಹಿಡೀರಿ" ಅನ್ನುವುದನ್ನೇ ಬಿಟ್ಟೆ. ಈಗ ಹೇಳುವುದು ಹೀಗೆ: "ಅಜ್ಜಾ, ಉಸ್ರು ತಗೋರಿ. ಬಿಡ್ರಿ. ಇನ್ನೊಂದ್ಸಲ ತಗೋರಿ. ಸುಮ್ನೆ ಬಿಡ್ರಿ. ಹಂಗೇ ಇರ್ರಿ." ಕೊನೆಯ ಎರಡು ಮಾತೇ ಮುಖ್ಯ. "ಪೂರ್ತಿ ಬಿಡ್ರಿ" ಅಂದರೆ ಹೊಟ್ಟೆ ಹಿಂಡಿ ಹಿಂಡಿ ಬಿಡುತ್ತಾರೆ, ಐದು ಸೆಕೆಂಡಿಗೆ ತಡೆಯಲಾಗದೆ ಎಳೆದುಕೊಳ್ಳುತ್ತಾರೆ. ಮಾಮೂಲಿ ಉಸಿರು ಬಿಟ್ಟ ಮೇಲೆ ಬರುವ ಚಿಕ್ಕ ವಿರಾಮ ಇದೆಯಲ್ಲ, ಅಲ್ಲಿ ನಿಂತರೆ ಸಾಕು.

ಇದನ್ನು ಮಷೀನಿನ ಒಳಗೆ ಕಲಿಸಬೇಡಿ. ಹೊರಗೆ, ಬೆಂಚಿನ ಮೇಲೆ ಕೂತಾಗಲೇ ಕಲಿಸಿ. ಆಮೇಲೆ ಮೇಜಿನ ಮೇಲೆ ಮಲಗಿದಾಗ ಇನ್ನೊಮ್ಮೆ. ಅವರದೇ ಕೈಯನ್ನು ಅವರ ಹೊಟ್ಟೆಯ ಮೇಲೆ ಇಡಿಸಿ. "ಹಂಗೇ ಇರ್ರಿ" ಅಂದಾಗ ಕೈ ಮೇಲೆದ್ದರೆ ಗುಟುಕು ಎಳೆದರು ಅಂತ. ಕೈ ಅಲ್ಲಾಡದಿದ್ದರೆ ಸರಿಯಾಯಿತು. ಮೂರು ನಾಲ್ಕು ಸಲಕ್ಕೆ ಹೆಚ್ಚಿನವರಿಗೆ ಬರುತ್ತದೆ. ಎರಡು ನಿಮಿಷದ ಕೆಲಸ.

ಇಷ್ಟೆಲ್ಲ ಮಾಡಿದರೂ ನೆರಳು ಬಂದರೆ ನಿಮ್ಮ ಬೆರಳು ನೋಡಿಕೊಳ್ಳಿ. "ಹಂಗೇ ಇರ್ರಿ" ಅನ್ನುವ ಮುಂಚೆಯೇ ಸ್ಕ್ಯಾನ್ ಒತ್ತುತ್ತಿದ್ದೀರಾ? ವಪೆ ನಿಲ್ಲುವುದಕ್ಕೆ ಒಂದು ಸೆಕೆಂಡು ಬೇಕು. ಅಷ್ಟು ಕಾದು ಒತ್ತಿ.

ಲಕ್ಷಣ: ಮೊದಲ ನಾಲ್ಕೈದು ಚೆನ್ನಾಗಿದ್ದವು, ಆಮೇಲೆ ಕೆಡುತ್ತಾ ಬಂದವು

ಇದು ದಣಿವು. ಹೃದಯದ ಬುಡದಿಂದ ತುದಿಯವರೆಗೆ 8ರಿಂದ 12 ಸ್ಲೈಸ್ ಬೇಕು. ಅದಲ್ಲದೆ ಹೃದಯದ ಉದ್ದಕ್ಕೆ ತೆಗೆಯುವ ಚಿತ್ರಗಳು, ಗಾಯ ಎದ್ದು ಕಾಣಲೆಂದು ಔಷಧಿ ಕೊಟ್ಟ ಮೇಲಿನವು. ಎಲ್ಲ ಸೇರಿ ಮೂವತ್ತು ನಲವತ್ತು ಸಲ ಉಸಿರು ನಿಲ್ಲಿಸಿ ಅನ್ನುತ್ತೇವೆ. ಹೃದಯ ಸೋತವರಿಗೆ ಅದು ದೊಡ್ಡ ಕೆಲಸ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ವರ್ಷಗಟ್ಟಲೆ ದುಡಿದು ಕೆಮ್ಮು ಹತ್ತಿಸಿಕೊಂಡವರಿಗೆ ಇನ್ನೂ ದೊಡ್ಡದು.

ಎರಡು ಚಿತ್ರದ ನಡುವೆ ಅರ್ಧ ನಿಮಿಷ ಬಿಡಿ. ಮಾತಾಡಿಸಿ. "ಚೆನ್ನಾಗಿ ಮಾಡ್ತಿದೀರಿ ಅವ್ವಾ, ಇನ್ನು ಐದೇ ಇರೋದು" ಅನ್ನಿ. ಎಷ್ಟು ಉಳಿದಿದೆ ಅಂತ ಗೊತ್ತಾದರೆ ಜನ ತಡೆದುಕೊಳ್ಳುತ್ತಾರೆ, ಗೊತ್ತಿಲ್ಲದಿದ್ದರೆ ಕೈ ಚೆಲ್ಲುತ್ತಾರೆ. ಡಾಕ್ಟರ್ ಒಪ್ಪಿದರೆ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿ, ತುಂಬಾ ಜನರಿಗೆ ಅದರಿಂದ ಮೂರು ನಾಲ್ಕು ಸೆಕೆಂಡು ಜಾಸ್ತಿ ಸಿಗುತ್ತದೆ. ಆಕ್ಸಿಜನ್ ಗೋಡೆಯ ಪೈಪಿನಿಂದಲೇ ಬರಬೇಕು. ಮಾಮೂಲಿ ಕಬ್ಬಿಣದ ಸಿಲಿಂಡರ್ ಮಷೀನಿನ ಕೋಣೆಗೆ ತಂದರೆ ಕಾಂತ ಅದನ್ನು ಗುಂಡಿನ ಹಾಗೆ ಎಳೆದುಕೊಳ್ಳುತ್ತದೆ. ಅದರಿಂದ ಜೀವ ಹೋದದ್ದುಂಟು. ಸ್ಕ್ಯಾನ್ ನಡೆಯದಿದ್ದಾಗಲೂ ಕಾಂತ ಆನ್ ಆಗಿಯೇ ಇರುತ್ತದೆ.

ಇನ್ನೂ ಆಗದಿದ್ದರೆ ಉಸಿರು ನಿಲ್ಲಿಸುವ ಹೊತ್ತನ್ನೇ ಕಡಿಮೆ ಮಾಡಿ. ಲೆಕ್ಕ ಸುಲಭ. ಒಟ್ಟು 120 ಸಾಲು ಬೇಕು, ಒಂದು ಬಡಿತಕ್ಕೆ 12 ಸಾಲು ತೆಗೆಯುತ್ತೀರಿ ಅಂದರೆ 10 ಬಡಿತ. ನಿಮಿಷಕ್ಕೆ 60 ಬಡಿತ ಇದ್ದವರಿಗೆ 10 ಸೆಕೆಂಡು. ಬೀಟಾ ಬ್ಲಾಕರ್ ಮಾತ್ರೆ ನುಂಗಿ ಬಡಿತ 50ಕ್ಕೆ ಇಳಿದವರಿಗೆ ಅದೇ ಚಿತ್ರಕ್ಕೆ 12 ಸೆಕೆಂಡು. ಬಡಿತಕ್ಕೆ 15 ಸಾಲು ಮಾಡಿದರೆ 8 ಬಡಿತಕ್ಕೆ ಮುಗಿಯುತ್ತದೆ. ಆದರೆ ಒಂದು ಸಾಲಿಗೆ 3 ಮಿಲಿಸೆಕೆಂಡು ಹಿಡಿದರೆ ಪ್ರತಿ ಫ್ರೇಮಿನ ಅವಧಿ 36ರಿಂದ 45 ಮಿಲಿಸೆಕೆಂಡಿಗೆ ಏರುತ್ತದೆ. ಅದಕ್ಕಿಂತ ಜಾಸ್ತಿ ಎಳೆಯಬೇಡಿ, ಹೃದಯ ಪೂರ್ತಿ ಕುಗ್ಗಿದ ಗಳಿಗೆ ಕೈ ತಪ್ಪುತ್ತದೆ. ಕಡಿಮೆ ಸಾಲಿನಲ್ಲೇ ಚಿತ್ರ ಕಟ್ಟುವ ಪ್ಯಾರಲಲ್ ಇಮೇಜಿಂಗ್ ಸೌಲಭ್ಯ ಇದ್ದರೆ ಮೊದಲು ಅದನ್ನು ಬಳಸಿ.

ಲಕ್ಷಣ: ಒಂದೊಂದು ಚಿತ್ರವೂ ಚೊಕ್ಕ, ಆದರೆ ಒಂದಕ್ಕೊಂದು ಕೂಡುವುದಿಲ್ಲ

ನನ್ನ ಪ್ರಕಾರ ಎಲ್ಲಕ್ಕಿಂತ ಅಪಾಯದ ದೋಷ ಇದು. ಯಾಕೆಂದರೆ ಕಣ್ಣಿಗೆ ಕಾಣುವುದಿಲ್ಲ. ಮಸುಕು ಚಿತ್ರ "ನಾನು ಕೆಟ್ಟಿದ್ದೇನೆ" ಅಂತ ತಾನೇ ಹೇಳುತ್ತದೆ. ಇದು ಹೇಳುವುದಿಲ್ಲ.

ಆಗುವುದು ಹೀಗೆ. ರೋಗಿ ಪ್ರತಿ ಸಲವೂ ಚೆನ್ನಾಗಿಯೇ ಉಸಿರು ನಿಲ್ಲಿಸುತ್ತಾರೆ, ಆದರೆ ಪ್ರತಿ ಸಲ ಬೇರೆ ಬೇರೆ ಮಟ್ಟದಲ್ಲಿ. ಒಮ್ಮೆ ಅರ್ಧ ಗಾಳಿ, ಒಮ್ಮೆ ಮುಕ್ಕಾಲು. ಮಷೀನು ಮಾತ್ರ ಹೃದಯ ಅಲ್ಲೇ ಇದೆ ಅಂದುಕೊಂಡು ಹತ್ತತ್ತು ಮಿಲಿಮೀಟರ್ ಕೆಳಗೆ ಕೆಳಗೆ ಸ್ಲೈಸ್ ತೆಗೆಯುತ್ತಾ ಹೋಗುತ್ತದೆ. ಹೃದಯವೂ ಅಷ್ಟೇ ಕೆಳಗಿಳಿದಿದ್ದರೆ ತೆಗೆದ ಜಾಗವನ್ನೇ ಮತ್ತೆ ತೆಗೆದಂತಾಯಿತು. ಮೇಲೆ ಹೋಗಿದ್ದರೆ ಒಂದು ಜಾಗ ಪೂರ್ತಿ ಬಿಟ್ಟುಹೋಯಿತು. ಹೃದಯ ತುಂಬಿದ ರಕ್ತದಲ್ಲಿ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಅನ್ನುವ ಇಎಫ್, ಕೋಣೆಯ ಗಾತ್ರ, ಸ್ನಾಯುವಿನ ತೂಕ, ಎಲ್ಲವನ್ನೂ ಈ ಸ್ಲೈಸ್‌ಗಳನ್ನು ಕೂಡಿಸಿಯೇ ಲೆಕ್ಕ ಹಾಕುವುದು. ಆ ಅಂಕಿ ನೋಡಿಕೊಂಡು ಡಾಕ್ಟರ್ ಮಾತ್ರೆ ಬದಲಿಸುತ್ತಾರೆ, ಆಪರೇಷನ್ ತೀರ್ಮಾನ ಮಾಡುತ್ತಾರೆ. ಹಾಗಾಗಿ ರೋಗಿಯನ್ನು ಮೇಜಿನಿಂದ ಇಳಿಸುವ ಮುಂಚೆಯೇ ಇದನ್ನು ಹಿಡಿಯಬೇಕು.

ಸ್ಲೈಸ್‌ಗಳನ್ನು ಬುಡದಿಂದ ತುದಿಗೆ ಒಂದೊಂದಾಗಿ ಉರುಳಿಸಿ ನೋಡಿ. ಹೃದಯದ ಉಂಗುರ ನಿಧಾನಕ್ಕೆ ಚಿಕ್ಕದಾಗುತ್ತಾ ಹೋಗಬೇಕು. ನಡುವೆ ಎರಡು ಒಂದೇ ತರಹ ಕಂಡರೆ, ಇಲ್ಲವೇ ದಿಢೀರ್ ಅಂತ ಚಿಕ್ಕದಾದರೆ, ಅನುಮಾನ ಪಡಿ. ಲಿವರ್‌ನ ಗುಮ್ಮಟ ಯಾವ ಸ್ಲೈಸಿನಲ್ಲಿ ಎಷ್ಟು ಕಾಣುತ್ತದೆ ಗಮನಿಸಿ. ಅದು ಒಮ್ಮೆ ಬಂದು, ಹೋಗಿ, ಮತ್ತೆ ಬಂದರೆ ಉಸಿರಿನ ಮಟ್ಟ ಬದಲಾಗಿದೆ ಅಂತಲೇ ಅರ್ಥ.

ಪರಿಹಾರ ಹಳೆಯದೇ. ಉಸಿರು ಬಿಟ್ಟು ನಿಲ್ಲಿಸಿ, ಎಳೆದುಕೊಂಡು ಅಲ್ಲ. ಬಿಟ್ಟಾಗ ವಪೆ ಹೆಚ್ಚು ಕಡಿಮೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಎಳೆದುಕೊಂಡಾಗ ಎಲ್ಲಿ ನಿಲ್ಲುತ್ತದೋ ಹೇಳಲಾಗದು. ಬಿಟ್ಟು ನಿಲ್ಲುವುದು ಕೆಲವರಿಗೆ ಕಷ್ಟ, ಒಪ್ಪುತ್ತೇನೆ. ಅವರಿಗೆ ಎಳೆದುಕೊಂಡೇ ಮಾಡಿಸಿ, ಆದರೆ ಮೊದಲಿನಿಂದ ಕೊನೆಯವರೆಗೂ ಒಂದೇ ರೀತಿ ಇರಲಿ. ಜಾಗ ಗುರುತಿಸಲು ಮೊದಲು ತೆಗೆಯುವ ಸ್ಕೌಟ್ ಚಿತ್ರ ಉಸಿರು ಎಳೆದುಕೊಂಡಾಗ ತೆಗೆದು, ಸಿನಿ ಚಿತ್ರ ಬಿಟ್ಟಾಗ ತೆಗೆದರೆ, ನೀವು ಗೆರೆ ಹಾಕಿದ ಜಾಗದಲ್ಲಿ ಹೃದಯವೇ ಇರುವುದಿಲ್ಲ. ಪಲ್ಲಟವಾದ ಸ್ಲೈಸ್ ಒಂದೆರಡೇ ಇದ್ದರೆ ಅಷ್ಟನ್ನೇ ಮತ್ತೆ ತೆಗೆಯಿರಿ.

ಲಕ್ಷಣ: ಉಸಿರು ನಿಲ್ಲಿಸಿದ ತಕ್ಷಣ ಇಸಿಜಿ ತಪ್ಪುತ್ತದೆ

ಎರಡು ಕಾರಣ ಇರಬಹುದು. ಎದೆ ಉಬ್ಬಿದಾಗ ಹೃದಯದ ಕೋನ ಬದಲಾಗಿ ಇಸಿಜಿಯ ಎತ್ತರದ ಅಲೆ ಕುಗ್ಗುತ್ತದೆ, ಮಷೀನಿಗೆ ಬಡಿತ ಸಿಗುವುದಿಲ್ಲ. ಕಾಂತದೊಳಗೆ, ಆ ಅಲೆಯ ಹಿಂದೆಯೇ ಬರುವ ಟಿ ಅಲೆ ಬೇರೆ ದೊಡ್ಡದಾಗಿರುತ್ತದೆ. ಅದನ್ನೇ ಬಡಿತ ಅಂದುಕೊಳ್ಳುವುದೂ ಉಂಟು. ಸ್ಟಿಕ್ಕರ್ ಅಂಟಿಸುವ ಜಾಗ ನೋಡಿ. ಬೆಳಿಗ್ಗೆ ಪೂಜೆ ಮುಗಿಸಿ ಬಂದವರ ಎದೆಯ ಮೇಲೆ ವಿಭೂತಿ ಇರುತ್ತದೆ, ಬೆವರು ಇರುತ್ತದೆ, ಕೊಬ್ಬರಿ ಎಣ್ಣೆ ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಕೂದಲು ಇದ್ದರೆ ತೆಗೆದು ಅಂಟಿಸಿ. ವೈರು ಸುರುಳಿ ಸುತ್ತಿರಬಾರದು, ಬರಿ ಮೈಗೆ ತಾಗಬಾರದು. ಸುರುಳಿಯಾದ ವೈರು ಕಾದು ಚರ್ಮ ಸುಟ್ಟುಬಿಡುತ್ತದೆ.

ಎರಡನೆಯದು ಮುಕ್ಕುವುದು. ಮುಖ ಕೆಂಪಾಗಿ, ಗಂಟಲು ಬಿಗಿದು, ಮೂಟೆ ಎತ್ತುವವರ ಹಾಗೆ ಉಸಿರು ಕಟ್ಟುತ್ತಾರೆ. ಹಾಗೆ ಮುಕ್ಕಿದರೆ ಹೃದಯಕ್ಕೆ ಬರುವ ರಕ್ತವೇ ಕಡಿಮೆಯಾಗುತ್ತದೆ, ಬಡಿತ ಏರುಪೇರಾಗುತ್ತದೆ. ರಕ್ತದ ಹರಿವು ಅಳೆಯುವ ಚಿತ್ರದಲ್ಲಿ ಅಂಕಿಯೇ ತಪ್ಪು ಬರುತ್ತದೆ. "ಬಾಯಿ ಸಡಿಲ ಬಿಡ್ರಿ, ಹೊಟ್ಟೆ ಸಡಿಲ ಬಿಡ್ರಿ" ಅನ್ನಿ.

ಲಕ್ಷಣ: ನ್ಯಾವಿಗೇಟರ್ ಚಿತ್ರ ಮುಗಿಯುವುದೇ ಇಲ್ಲ

ಉಸಿರಾಡುತ್ತಲೇ ತೆಗೆಯುವ, ಬಹಳ ಹೊತ್ತು ಹಿಡಿಯುವ ಈ ಚಿತ್ರಗಳಲ್ಲಿ ಮಷೀನು ಬಲಗಡೆಯ ವಪೆಯ ಮೇಲೆ ಕಣ್ಣಿಟ್ಟಿರುತ್ತದೆ. ವಪೆ ಸುಮಾರು 5 ಮಿಲಿಮೀಟರ್‌ನ ಕಿಂಡಿಯೊಳಗೆ ಬಂದಾಗ ಮಾತ್ರ ಮಾಹಿತಿ ತೆಗೆದುಕೊಳ್ಳುತ್ತದೆ. ರೋಗಿ ನಿದ್ದೆಗೆ ಜಾರಿದರೆ ಉಸಿರಿನ ಲಯ ಬದಲಾಗಿ ವಪೆ ಕಿಂಡಿಯಿಂದ ಆಚೆ ಹೋಗುತ್ತದೆ. ಮೊದಲು ಎಚ್ಚರಿಸಿ, ಆಮೇಲೆ ಕಿಂಡಿಯನ್ನು ಹೊಸ ಜಾಗಕ್ಕೆ ಸರಿಸಿ. ಕಿಂಡಿ ಅಗಲ ಮಾಡುವುದು ಕೊನೆಯ ಉಪಾಯ, ಯಾಕೆಂದರೆ ಅಗಲ ಮಾಡಿದಷ್ಟೂ ಮಸುಕು. ಹೊಟ್ಟೆಗೆ ಕಟ್ಟಿದ ಉಸಿರಿನ ಬೆಲ್ಟ್ ಬಳಸುವ ಚಿತ್ರವಾದರೆ, ಗೆರೆ ಚಪ್ಪಟೆಯಾಗಿದ್ದರೆ ಬೆಲ್ಟ್ ಸಡಿಲವಾಗಿದೆ. ಬಿಗಿ ಮಾಡಿ.

ಲಕ್ಷಣ: ಔಷಧಿ ಕೊಟ್ಟ ಮೇಲೆ ಸ್ನಾಯುವಿನಲ್ಲಿ ಬಿಳಿ ಗೆರೆ, ಕಲೆಯೋ ನೆರಳೋ ತಿಳಿಯುತ್ತಿಲ್ಲ

ಗ್ಯಾಡೊಲಿನಿಯಮ್ ಅನ್ನುವ ಆ ಔಷಧಿ ಕೊಟ್ಟು 10 ನಿಮಿಷ ಕಳೆದ ಮೇಲೆ ತೆಗೆಯುವ ಚಿತ್ರದಲ್ಲಿ ಹಾರ್ಟ್ ಅಟ್ಯಾಕ್‌ನ ಗಾಯ ಬಿಳಿಯಾಗಿ ಕಾಣುತ್ತದೆ. ಉಸಿರಿನ ನೆರಳೂ ಬಿಳಿಯೇ. ಇಲ್ಲಿ ತಪ್ಪಿದರೆ ಇಲ್ಲದ ಗಾಯ ಇದೆ ಅಂತಾಗುತ್ತದೆ. ಒಂದು ಒಳ್ಳೆಯ ಪರೀಕ್ಷೆ ಇದೆ. ಫೇಸ್ ಎನ್‌ಕೋಡಿಂಗ್ ದಿಕ್ಕು, ಅಂದರೆ ಮಷೀನು ಸಾಲು ಸಾಲಾಗಿ ಮಾಹಿತಿ ತುಂಬುವ ದಿಕ್ಕು, ಅದಲು ಬದಲು ಮಾಡಿ ಅದೇ ಜಾಗವನ್ನು ಮತ್ತೆ ತೆಗೆಯಿರಿ. ನೆರಳು ಆ ದಿಕ್ಕನ್ನು ಹಿಂಬಾಲಿಸಿ ಬೇರೆ ಕಡೆ ಹೋಗುತ್ತದೆ. ಗಾಯವಾದರೆ ಅಲ್ಲೇ ಇರುತ್ತದೆ. ಹೊತ್ತು ಕಳೆದಂತೆ ಔಷಧಿ ತೊಳೆದುಹೋಗುತ್ತದೆ, ಹಾಗಾಗಿ ಮತ್ತೆ ತೆಗೆಯುವಾಗ ಟಿಐ, ಅಂದರೆ ಗಾಯವಿಲ್ಲದ ಸ್ನಾಯು ಕಪ್ಪಾಗಿ ಕಾಣಲು ಮಷೀನು ಕಾಯುವ ಹೊತ್ತು, ಸ್ವಲ್ಪ ಹೆಚ್ಚಿಸಬೇಕು.

ದೋಷ ಅನ್ನಿಸಿದರೂ ದೋಷವಲ್ಲದ್ದು

ಉಸಿರು ಎಳೆದಾಗ ಹೃದಯದ ನಡುಗೋಡೆ ಎಡಕ್ಕೆ ಕುಕ್ಕಿದ ಹಾಗೆ ಕಂಡರೆ, ಚಿತ್ರ ಕೆಟ್ಟಿತು ಅಂತ ಅಳಿಸಬೇಡಿ. ಹೃದಯದ ಹೊರಪೊರೆ ಗಟ್ಟಿಯಾಗಿ ಹೃದಯವನ್ನು ಬಿಗಿ ಹಿಡಿದಿದ್ದರೆ ಹೀಗಾಗುತ್ತದೆ. ನಮ್ಮ ದೇಶದಲ್ಲಿ ಅದಕ್ಕೆ ಕ್ಷಯ ಒಂದು ದೊಡ್ಡ ಕಾರಣ. ಈ ಅನುಮಾನ ಇದ್ದಾಗ ಡಾಕ್ಟರ್‌ಗಳು ಬೇಕೆಂದೇ ಜೋರಾಗಿ ಉಸಿರಾಡಿಸಿ ರಿಯಲ್ ಟೈಮ್ ಚಿತ್ರ, ಅಂದರೆ ಹಲವು ಬಡಿತ ಕೂಡಿಸದೆ ಆಗಿಂದಾಗಲೇ ತೆಗೆಯುವ ಚಿತ್ರ, ಕೇಳುತ್ತಾರೆ. ಕಂಡರೆ ರೇಡಿಯಾಲಜಿಸ್ಟ್‌ಗೆ ತಕ್ಷಣ ತಿಳಿಸಿ.

ಉಸಿರು ನಿಲ್ಲಿಸಲು ಆಗುವುದೇ ಇಲ್ಲ ಅಂದರೆ

ನನ್ನ ಲೆಕ್ಕ ಮೂರು ಸಲ. ಮೂರು ಸಲ ಕೆಟ್ಟರೆ ನಾಲ್ಕನೆಯ ಸಲ ಬೇಡ, ದಾರಿ ಬದಲಿಸಿ. ರಿಯಲ್ ಟೈಮ್ ಸಿನಿಯಲ್ಲಿ ಅಂಚು ಅಷ್ಟು ಚೂಪಾಗಿ ಬರುವುದಿಲ್ಲ, ಆದರೆ ಉಸಿರಾಡುತ್ತಲೇ ತೆಗೆಯಬಹುದು. ಅದೇ ಮಾಹಿತಿಯನ್ನು ನಿಧಾನಕ್ಕೆ ಮೂರು ಸಲ ತೆಗೆದು ಸರಾಸರಿ ಮಾಡಿದರೆ ನೆರಳು ಮಾಸುತ್ತದೆ. ಗಾಯ ನೋಡುವ ಚಿತ್ರಕ್ಕೆ ಒಂದೇ ಬಡಿತದಲ್ಲಿ ಮುಗಿಯುವ ಸಿಂಗಲ್ ಶಾಟ್ ಇದೆ. ಎಳೆ ಕೂಸುಗಳಿಗೆ ಹಾಲು ಕುಡಿಸಿ, ಬಟ್ಟೆಯಲ್ಲಿ ಸುತ್ತಿ ಮಲಗಿಸಿ ತೆಗೆಯುವುದುಂಟು. ಸ್ವಲ್ಪ ದೊಡ್ಡ ಮಕ್ಕಳಿಗೆ ಅರಿವಳಿಕೆ ಬೇಕಾಗಬಹುದು. ಅದು ಅರಿವಳಿಕೆ ಡಾಕ್ಟರ್ ಇದ್ದಾಗ ಮಾತ್ರ.

ಯಾವಾಗ ನಿಲ್ಲಿಸಬೇಕು

ಎದೆ ನೋವು, ತಲೆ ಸುತ್ತು, ಮಲಗಿದಲ್ಲೇ ಏದುಸಿರು, ಆಕ್ಸಿಜನ್ ಮಟ್ಟ ಇಳಿಯುವುದು: ಯಾವುದೇ ಒಂದು ಕಂಡರೂ ಸ್ಕ್ಯಾನ್ ನಿಲ್ಲಿಸಿ, ಡಾಕ್ಟರ್‌ನ ಕರೆಯಿರಿ. ಕೈಯಲ್ಲಿ ಕೊಟ್ಟ ರಬ್ಬರ್ ಬಲ್ಬ್ ಒತ್ತಿದರೆ "ಇನ್ನೊಂದೇ ನಿಮಿಷ" ಅನ್ನಬೇಡಿ. ಪ್ರಜ್ಞೆ ತಪ್ಪಿದರೆ ರೋಗಿಯನ್ನು ಮೊದಲು ಕಾಂತದ ಕೋಣೆಯಿಂದ ಹೊರಗೆ ತನ್ನಿ, ಚಿಕಿತ್ಸೆ ಅಲ್ಲಿ. ಗಾಬರಿಯಲ್ಲಿ ಒಳಗೆ ಓಡಿ ಬರುವವರ ಕೈಯಲ್ಲಿ ಕತ್ತರಿ, ಸಿಲಿಂಡರ್ ಎಲ್ಲ ಇರುತ್ತದೆ.

ಎರಡು ದಿಂಬು ಇಲ್ಲದೆ ಮಲಗಲಾರೆ ಅನ್ನುವವರನ್ನು ಚಪ್ಪಟೆ ಮಲಗಿಸುವ ಮುಂಚೆ ಡಾಕ್ಟರ್‌ನ ಕೇಳಿ. ಶ್ವಾಸಕೋಶದಲ್ಲಿ ನೀರು ತುಂಬಿರಬಹುದು. ನಾಲ್ಕು ದಿನ ಮೈಯ ನೀರು ಇಳಿಸುವ ಮಾತ್ರೆ ತೆಗೆದುಕೊಂಡು ಬಂದರೆ ಅದೇ ಮನುಷ್ಯ ಆರಾಮಾಗಿ ಮಲಗಬಹುದು.

ಸ್ಕ್ಯಾನ್‌ಗೆ ಬರುವವರಿಗೆ

ಪೇಸ್‌ಮೇಕರ್, ತಲೆಯ ಆಪರೇಷನ್‌ನ ಕ್ಲಿಪ್, ಬಸಿರು, ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. ಹಿಂದಿನ ಕಾಗದಗಳನ್ನು ತನ್ನಿ. ತಾಳಿ, ಮೂಗುಬಟ್ಟು, ಕಾಲುಂಗುರ, ಹೇರ್‌ಪಿನ್, ಉಡಿದಾರದ ತಾಯತ ಎಲ್ಲ ತೆಗೆಯಬೇಕು. ಕೊರಳಲ್ಲಿ ಲಿಂಗದ ಕರಡಿಗೆ ಇರುವ ಹಿರಿಯರು ಅದನ್ನು ತೆಗೆಯಲು ಹಿಂಜರಿಯುತ್ತಾರೆ. ಮನೆಯವರೊಬ್ಬರು ಜೊತೆಗೆ ಬಂದು, ಶುಭ್ರ ಬಟ್ಟೆಯಲ್ಲಿ ಕೈಯಲ್ಲೇ ಹಿಡಿದುಕೊಂಡು ಹೊರಗೆ ಕೂತಿದ್ದರೆ ಅವರ ಮನಸ್ಸು ಸಮಾಧಾನವಾಗಿರುತ್ತದೆ. ಸಮಾಧಾನ ಇದ್ದರೆ ಉಸಿರೂ ಸರಿ ಇರುತ್ತದೆ.

ಹಿಂದಿನ ದಿನ ರಾತ್ರಿ ಮನೆಯಲ್ಲಿ ಅಭ್ಯಾಸ ಮಾಡಿ. ಅಂಗಾತ ಮಲಗಿ, ಮಾಮೂಲಿ ಉಸಿರು ಬಿಟ್ಟು, ಹಾಗೇ ಇದ್ದು ಹತ್ತು ಎಣಿಸಿ. ಹತ್ತು ಆಗದಿದ್ದರೆ ಏಳು. ಎಷ್ಟಾಯಿತು ಅಂತ ಟೆಕ್ನಿಷಿಯನ್‌ಗೆ ಹೇಳಿ. ಆ ಒಂದು ಅಂಕಿ ಸಿಕ್ಕರೆ ನಾವು ಮಷೀನನ್ನು ನಿಮ್ಮ ಉಸಿರಿಗೆ ಹೊಂದಿಸುತ್ತೇವೆ.

ಟೆಕ್ನಿಷಿಯನ್‌ಗಳಿಗೆ ಇನ್ನೊಂದು ಮಾತು. ಚಿತ್ರ ಕಳಿಸುವಾಗ ಉಸಿರಿನ ವಿಷಯವನ್ನೂ ಬರೆದು ಕಳಿಸಿ. "6ನೇ ಸ್ಲೈಸ್ ಮತ್ತೆ ತೆಗೆದಿದೆ. ಕೊನೆಯ ಮೂರು ರಿಯಲ್ ಟೈಮ್. ರೋಗಿ 7 ಸೆಕೆಂಡಿಗಿಂತ ಜಾಸ್ತಿ ನಿಲ್ಲಿಸಲಾರರು." ಇಷ್ಟು ಬರೆದರೆ ವರದಿ ಬರೆಯುವ ಡಾಕ್ಟರ್ ಯಾವ ಅಂಕಿಯನ್ನು ಎಷ್ಟು ನಂಬಬೇಕು ಅಂತ ತಿಳಿದುಕೊಳ್ಳುತ್ತಾರೆ. ಮುಂದಿನ ಸಲ ಅದೇ ರೋಗಿ ಬಂದಾಗ ನೀವೂ 7 ಸೆಕೆಂಡಿನಿಂದಲೇ ಶುರು ಮಾಡಬಹುದು.